ಹೊಸ ತೋರಣ

ಊರಲ್ಲಿ ಇದ್ದಬದ್ದದ್ದೆಲ್ಲ ಮಾರಿ ಬಸವಂತ ಇಂಡೊನೇಷ್ಯಾದ ಹಳ್ಳಿಯೊಂದರಲ್ಲಿ ಲವಂಗದ ತೋಟ ಹಿಡಿದಿದ್ದ. ಮೊದಲ ಕೊಯ್ಲು ಬಂತು.

“ಮಂದಿ ಬರೂ ಹೊತ್ತಿನ್ಯಾಗ ಬಾಗಲಾ ಬೋಳ ಇರಬಾರದ್ರೀ,” ಎಂದಳು ಹೆಂಡತಿ. ಬಸವಂತ ತೋಟದ ಬಾಗಿಲಿಗೆ ಎಳೆ ತೆಂಗಿನ ಗರಿಯ ತೋರಣ ಕಟ್ಟಿದ.

ಮೊಗ್ಗು ಬಿಡಿಸಲು ಬುಟ್ಟಿ ಹಿಡಿದು ಬಂದ ಊರವರು ಬಾಗಿಲಲ್ಲೇ ನಿಂತು ನೋಡಿ, ಖಾಲಿ ಬುಟ್ಟಿಯೊಂದಿಗೇ ಹಿಂದಿರುಗಿದರು. ಮರುದಿನವೂ ಅದೇ. ಬಾಡಿದ ತೋರಣ ಅಪಶಕುನವೆಂದು ಅವನು ದಿನವೂ ಹೊಸದು ಕಟ್ಟಿದ. ಅರಳಿದರೆ ಮೂರು ಕಾಸಿಗೂ ಬಾರದ ಲವಂಗದ ಮೊಗ್ಗುಗಳು ಕಣ್ಣೆದುರೇ ಅರಳತೊಡಗಿದವು.

ಬಸವಂತ ಓಡಿಹೋಗಿ ಊರ ಹಿರಿಯನ ಕಾಲು ಹಿಡಿದ. “ಹಾಳಾಗಿ ಹೋದೆ, ಯಜಮಾನರೇ! ನಿಮ್ಮ ಜನಕ್ಕೆ ನನ್ನ ಮೇಲೆ ಯಾಕಿಷ್ಟು ಸಿಟ್ಟು?”

ಹಿರಿಯ ಕಂಗಾಲಾದ. “ಸಿಟ್ಟೇ? ತೆಂಗಿನ ಗರಿ ಕಟ್ಟಿದ ತೋಟ ಮುಟ್ಟಬಾರದು ಅಂತ ನಮ್ಮ ಕಟ್ಟಳೆ. ಇವತ್ತಾದರೂ ಬಿಚ್ಚಿರ್ತೀರಿ ಅಂತ ನಾವು ದಿನಾ ಬಂದರೆ, ನೀವು ದಿನಾ ಹೊಸದು ಕಟ್ಟುತ್ತಿದ್ದೀರಿ!”