ಒಂದೇ ಬೆರಳಿನ ಮಾತು

ಆರನೆಯ ಸಲವೂ ಫೈಲು ತೆರೆಯಲಿಲ್ಲ. 'ದಾಖಲೆ ಹಾಳಾಗಿದೆ, ತೆರೆಯಲು ಸಾಧ್ಯವಿಲ್ಲ' ಎಂಬ ಅದೇ ಚೌಕ ಪರದೆಯ ನಡುವೆ ಬಂದು ಕೂತಿತು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ರಿಪೇರಿಯವನು ಲ್ಯಾಪ್‌ಟಾಪನ್ನು ಬೈದ. ಯಂತ್ರಗಳನ್ನು ಬೈಯುತ್ತಲೇ ಕೆಲಸ ಮಾಡುವುದು ಅವನ ಅಭ್ಯಾಸ. ಗಿರಾಕಿಗಳು ಸಾಮಾನ್ಯವಾಗಿ ನಗುತ್ತಿದ್ದರು. ಮೇಜಿನ ಆಚೆ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ.

"ಪ್ಲಗ್ ಸರಿಯಾಗಿ ಕೂತಿದೆಯಾ?" ಎಂದು ಕೇಳಿದಳು. ಬಂದಾಗಿನಿಂದ ಅದು ಮೂರನೆಯ ಸಲ.

"ಕೂತಿದೆ ಅಕ್ಕ. ಇದರ ಬ್ಯಾಟರಿ ಸತ್ತು ಎಷ್ಟು ಕಾಲ ಆಯ್ತೋ, ವೈರ್ ಕಿತ್ರೆ ತಕ್ಷಣ ಆರಿಹೋಗತ್ತೆ. ಸೇವ್ ಆಗ್ತಿರೋವಾಗಲೇ ಯಾರೋ ಕಿತ್ತಿದಾರೆ, ಅದಕ್ಕೇ ಫೈಲು ಅರ್ಧಕ್ಕೆ ಮುರಿದಿದೆ. ಯಾವ ಪುಣ್ಯಾತ್ಮರ ಕೆಲಸ ಇದು?"

"ನಂದೇ."

ರಿಪೇರಿಯವನು ನಾಲಿಗೆ ಕಚ್ಚಿಕೊಂಡ.

"ಇದು ನಮ್ಮನೆಯವರದು" ಎಂದಳು. "ಬಸ್ ಕಂಡಕ್ಟರ್ ಆಗಿದ್ರು. ಗಂಟಲು ಆಪರೇಷನ್ ಆಗಿ ಮಾತು ಹೋಯ್ತು. ಕೈ ನಡುಗೋದು, ಪೆನ್ ಹಿಡಿಯೋಕಾಗ್ತಿರಲಿಲ್ಲ. ಇದರಲ್ಲಿ ಒಂದೇ ಬೆರಳಲ್ಲಿ ಕುಟ್ಟೋರು. ಕುಟ್ಟಿ ಪರದೆ ನನ್ನ ಕಡೆ ತಿರುಗಿಸೋರು. ನಾನು ಬಾಯಲ್ಲಿ ಉತ್ತರ ಹೇಳ್ತಿದ್ದೆ. ಎರಡು ವರ್ಷ ಹಾಗೇ ಸಂಸಾರ ಮಾಡಿದ್ವಿ."

ಎರಡು ವರ್ಷದ ಮಾತೆಲ್ಲ ಆ ಒಂದೇ ಫೈಲಿನಲ್ಲಿತ್ತು. ಪ್ರಯಾಣಿಕನಿಗೊಂದು ಟಿಕೆಟ್ ಹರಿದ ಹಾಗೆ ಆತ ಸಾಲಿಗೊಂದು ಸಲ ಸೇವ್ ಒತ್ತುತ್ತಿದ್ದನಂತೆ. ಒಂದನ್ನೂ ಅಳಿಸುತ್ತಿರಲಿಲ್ಲವಂತೆ.

"ಆವತ್ತು ಬೆಳಿಗ್ಗೆ ಬಟ್ಟೆ ಇಸ್ತ್ರಿ ಮಾಡ್ಬೇಕಿತ್ತು. ಆ ಕೋಣೇಲಿರೋದು ಒಂದೇ ಪ್ಲಗ್ಗು. ಇವರು ಏನೋ ಕುಟ್ತಾನೇ ಇದ್ರು. ಕಾದೆ, ಕಾದೆ... ನನಗೂ ಸಾಕಾಗಿತ್ತು ಕಣಪ್ಪ. 'ಆಮೇಲೆ ಹೇಳಿ' ಅಂತ ಕಿತ್ತುಬಿಟ್ಟೆ. ಇಸ್ತ್ರಿ ಮುಗಿಯೋ ಮೊದಲೇ ಉಸಿರು ಕಟ್ಟಿತು, ಆಸ್ಪತ್ರೆಗೆ ಸೇರಿಸಿದ್ವಿ. ಮತ್ತೆ ಮನೆಗೆ ಬರಲಿಲ್ಲ." ಅವಳು ಚೀಲದ ಹಿಡಿಯನ್ನು ಹಿಂಡಿದಳು. "ಏನು ಹೇಳೋಕೆ ಹೊರಟಿದ್ರು ಅಂತ ಗೊತ್ತಾದ್ರೆ ಸಾಕು. ಬೇರೇನೂ ಬೇಡ."

ಆಮೇಲೆ ರಿಪೇರಿಯವನು ಯಂತ್ರವನ್ನು ಬೈಯಲಿಲ್ಲ. ಮೂಲ ಫೈಲನ್ನು ಮುಟ್ಟದೆ ಅದರ ನಕಲು ಮಾಡಿಕೊಂಡ. ನಕಲನ್ನು 'ತೆರೆದು ದುರಸ್ತಿ ಮಾಡು' ಎಂದು ಕೊಟ್ಟು ನೋಡಿದ, ಆಗಲಿಲ್ಲ. ಇನ್ನೊಂದು ತಂತ್ರಾಂಶದಲ್ಲಿ ತೆರೆದರೆ ಪುಟದ ತುಂಬ ಖಾಲಿ ಡಬ್ಬಿಗಳು ಮತ್ತು ಪ್ರಶ್ನೆಚಿಹ್ನೆಗಳು. ಕೊನೆಗೆ, ಅಂದಚಂದವನ್ನೆಲ್ಲ ಬಿಟ್ಟು ಅಕ್ಷರಗಳನ್ನಷ್ಟೇ ಹೆಕ್ಕಿ ಕೊಡುವ ದಾರಿಯೊಂದಿತ್ತು, ಅದನ್ನು ಹಿಡಿದ. ಹಸಿರು ಪಟ್ಟಿ ಆಮೆಯ ಅಣ್ಣನಂತೆ ತೆವಳಿತು. ಆಮೇಲೆ ಒಮ್ಮೆಗೇ ಪರದೆಯ ತುಂಬ ಕನ್ನಡ ಅಕ್ಷರಗಳು ಬಂದವು.

ಫೈಲು ತೆರೆದುಕೊಡುವುದಷ್ಟೇ ತನ್ನ ಕೆಲಸ, ಓದುವುದಲ್ಲ ಎಂಬುದು ಅವನು ಹಾಕಿಕೊಂಡಿದ್ದ ನೇಮ. ಆದರೆ ಕೊನೆಯತನಕ ಬಂದಿದೆಯೇ ಎಂದು ನೋಡಲೇಬೇಕಲ್ಲ. ಕೆಳಗಿಳಿಯುತ್ತ ಹೋದಂತೆ ಸಾಲುಗಳು ಕಣ್ಣಿಗೆ ಬಿದ್ದವು. 'ಫ್ಯಾನ್ ಕಮ್ಮಿ ಮಾಡು.' 'ನೀನು ಉಂಡ್ಯಾ?' 'ಹೋಗಿರೋದು ಗಂಟಲು, ಕಿವಿ ಅಲ್ಲ. ಮೆಲ್ಲಗೆ ಮಾತಾಡು.' 'ಹಾಲು ಉಕ್ತಿದೆ.' ಅದರ ಕೆಳಗೆ ಕೊನೆಯ ಸಾಲು:

'ತಡಿ ಕಣೇ, ಕೀಳಬೇಡ. ಒಂದು ಮಾತು'

ಅಷ್ಟೇ. ಅದರಾಚೆ ಬರೀ ಬಿಳಿ ಪುಟ.

ಪರದೆ ಇನ್ನೂ ಅವನ ಕಡೆಗೇ ಇತ್ತು. ಆ ಸಾಲನ್ನು ಆಯ್ದ, ಅದು ನೀಲಿಯಾಯಿತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಒಮ್ಮೆ ಒತ್ತಿದರೆ 'ಹಾಲು ಉಕ್ತಿದೆ' ಎಂಬುದೇ ಕೊನೆಯ ಮಾತಾಗುತ್ತದೆ, ಈಕೆ ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೆ ನಡುಗುವ ಆ ಒಂದು ಬೆರಳು ಒಂದೊಂದು ಅಕ್ಷರಕ್ಕೂ ಎಷ್ಟು ಪಾಡು ಪಟ್ಟಿರಬೇಕು! ಅಳಿಸಲು ತಾನ್ಯಾರು?

"ಸಿಕ್ತಾ?" ಅವಳು ಎದ್ದು ನಿಂತಿದ್ದಳು.

ಅವನು ಕೈ ತೆಗೆದು ಪರದೆಯನ್ನು ಅವಳ ಕಡೆ ತಿರುಗಿಸಿದ. ಮೇಲಿನದೇನನ್ನೂ ನೋಡದೆ ಅವಳ ಕಣ್ಣು, ಎರಡು ವರ್ಷದ ರೂಢಿಯಂತೆ, ನೇರ ಕೊನೆಯ ಸಾಲಿಗೇ ಹೋಯಿತು. ಓದಿದಳು. ತುಟಿಯಲ್ಲಾಡಿಸುತ್ತ ಮತ್ತೊಮ್ಮೆ ಓದಿದಳು. ಈಗ ಅಳುತ್ತಾಳೆ ಎಂದುಕೊಂಡು ಅವನು ನೀರಿನ ಬಾಟಲಿ ಮುಂದೆ ಸರಿಸಿದ. ಅವಳು ಅಳಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದು ಕೂತಳು. ಎಂದೂ ಕೀಲಿಮಣೆ ಮುಟ್ಟದ ಕೈ ಅಕ್ಷರಗಳನ್ನು ಒಂದೊಂದಾಗಿ ಹುಡುಕತೊಡಗಿತು. ತಪ್ಪಿತು, ಅವನು ತೋರಿಸಿಕೊಟ್ಟ, ಮತ್ತೆ ತಪ್ಪಿತು. ಬಹಳ ಹೊತ್ತಾದ ಮೇಲೆ ಗಂಡನ ಸಾಲಿನ ಕೆಳಗೆ ಒಂದು ಸಾಲು ಮೂಡಿತು:

'ಹೇಳಿ. ಕೀಳಲ್ಲ.'

ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಪರದೆಯನ್ನೇ ನೋಡುತ್ತ ಕೂತಳು. ಆ ಸಾಲಿನ ಕೆಳಗೆ ಕರ್ಸರು ಮಿನುಗುತ್ತಿತ್ತು. ಹೊರಗೆ ಇನ್ನಿಬ್ಬರು ಗಿರಾಕಿಗಳು ಬಂದು ನಿಂತರು.

"ಸೇವ್ ಮಾಡಿ ಮುಚ್ಲಾ ಅಕ್ಕ?" ಎಂದು ಅವನು ಮೆಲ್ಲಗೆ ಕೇಳಿದ.

"ತಡಿಯಪ್ಪ" ಎಂದಳು ಅವಳು, ಕಣ್ಣು ಕೀಳದೆ. "ಅವರು ಕುಟ್ಟೋದು ನಿಧಾನ."