ಎಡಚನ ಎರವಲು

"ಹೇಳ್ತಾನೆ. ಇವತ್ತು ಹೇಳೇ ಹೇಳ್ತಾನೆ," ಎಂದು ಎಡಚ ಮತ್ತೆ ಅಂದಾಗ, ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಮಿರೇಯಾಳ ಅಂಗಡಿಯಲ್ಲಿ ಡಾಮಿನೊ ಆಡುತ್ತಿದ್ದವರು ಕಾಯಿ ಕೆಳಗಿಟ್ಟು ನಕ್ಕರು.

ಭಾನುವಾರ ಮಧ್ಯಾಹ್ನ. ಫ್ರಿಜ್ ಮೇಲಿನ ಟಿವಿಯಲ್ಲಿ ಅಮೆರಿಕದ ಒಂದು ಹಸಿರು ಬಯಲು, ಸಾಲು ಕುರ್ಚಿಗಳು. ಬೇಸ್‌ಬಾಲ್ ಆಡುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ: ಹಾಲ್ ಆಫ್ ಫೇಮಿನ ಗೋಡೆಯ ಮೇಲೆ ಮುಖ ಮತ್ತು ಹೆಸರು ಕೆತ್ತಿದ ಕಂಚಿನ ಫಲಕ. ಇವತ್ತು ಅದು ಲಿಸಾಂದ್ರೊ ಮೊರೊಂತಾನಿಗೆ. ಡೊಮಿನಿಕನ್ ಕಬ್ಬಿನ ತೋಟದಿಂದ ಹೋದ ಹುಡುಗನಿಗೆ. ಬೀದಿಯಲ್ಲಿ ಬೆಳಗಿನಿಂದ ಪಟಾಕಿ, ಪ್ರತಿ ಬಾಗಿಲಲ್ಲೂ ಅವನ ಚಿತ್ರ.

ಎಡಚ ಬಿಳಿ ಅಂಗಿ ತೊಟ್ಟಿದ್ದ. ಆ ಅಂಗಿ ಹಿಂದೊಮ್ಮೆ ಹೊರಬಂದದ್ದು ಲಿಸಾಂದ್ರೊನ ತಾಯಿ ಒತೀಲಿಯಾ ಸತ್ತಾಗ. ಇವನು ಎರಡು ಬಸ್ಸು ಬದಲಿಸಿ ಹೋಗಿದ್ದ. ಲಿಸಾಂದ್ರೊ ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಡೆದರೆ, ಇವನು ಸ್ಮಶಾನದ ಗೋಡೆಯಾಚೆ ನಿಂತು ಬಿಕ್ಕಿದನಂತೆ. ಮಗನಿಗಿಂತ ಅಭಿಮಾನಿಯೇ ಜಾಸ್ತಿ ಅತ್ತ ಎಂದು ಊರು ತಿಂಗಳುಗಟ್ಟಲೆ ಆಡಿಕೊಂಡಿತ್ತು.

ಈ ಊರಲ್ಲಿ ಪಾದ್ರಿ ಇಟ್ಟ ಹೆಸರಿನಿಂದ ಯಾರೂ ಯಾರನ್ನೂ ಕರೆಯುವುದಿಲ್ಲ. ಕ್ಷೌರದವನು ಹುಂಜ. ಬೇಕರಿಯವನು ಮೂಗ, ಬಾಯಿ ಮುಚ್ಚದ ಮನುಷ್ಯ. ಎಲ್ಲಿಂದಲೋ ಬಂದು ಮೋಟಾರು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ಇಲ್ಲೇ ನಿಂತವನು ಎಡಚ.

ಕುಡಿದಾಗ ಅವನದೊಂದು ಕಥೆ ಇತ್ತು. ಲಿಸಾಂದ್ರೊ ಮತ್ತು ಅವನು ಒಂದೇ ಬಯಲಲ್ಲಿ ಆಡಿದವರು. ಕಬ್ಬಿನ ಗಾಡಿಯಿಂದ ಬಿದ್ದು ಎಡಚನ ಮೊಣಕೈ ಮುರಿಯಿತು, ಆಟ ಅಲ್ಲಿಗೇ ಮುಗಿಯಿತು. ಅಮೆರಿಕದವರು ಹುಡುಗರನ್ನು ಆರಿಸಲು ಬಂದಾಗ, ಇನ್ನು ತನಗೇಕೆ ಎಂದು ತನ್ನದೊಂದನ್ನು ಗೆಳೆಯನಿಗೆ ಎರವಲು ಕೊಟ್ಟ. ಅದಿಲ್ಲದಿದ್ದರೆ ಅವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ಗೋಡೆಗೆ ಫಲಕ ಏರಿದ ದಿನ ಎಲ್ಲರೆದುರು ಹೇಳಿ ಹಿಂತಿರುಗಿಸುತ್ತೇನೆ ಎಂದು ಆ ಗೆಳೆಯ ಆಣೆ ಇಟ್ಟಿದ್ದನಂತೆ. ಆ ಒಂದು ಮಾತಿಗಾಗಿ ಎಡಚ ಅರ್ಧ ಆಯುಷ್ಯ ಕಾದಿದ್ದ. ಎರವಲು ಕೊಟ್ಟದ್ದು ಚೆಂಡು ಹಿಡಿಯುವ ಗ್ಲೌಸು ಎಂದು ಊರೇ ತೀರ್ಮಾನಿಸಿಕೊಂಡಿತ್ತು.

"ಲೋ, ಅವನು ಎಸೆಯೋದು ಬಲಗೈಲಿ, ಗ್ಲೌಸು ಎಡಗೈಗೆ," ಎಂದ ಹುಂಜ. "ನೀನು ಎಡಚ, ನಿಂದು ಬಲಗೈಗೆ. ನಿನ್ನ ಗ್ಲೌಸಲ್ಲಿ ಅವನೇನು ಅಕ್ಕಿ ತೊಳೀತಿದ್ನಾ?"

"ಗ್ಲೌಸು ಅಂತ ನಾನ್ಯಾವತ್ತು ಅಂದೆ? ಅಂದೋರು ನೀವು."

"ಮತ್ತೇನು, ಚಡ್ಡಿಯಾ?"

ಮೈಯೆಲ್ಲ ಹಿಮ ಹೊದ್ದು ಬಿಳಿಯುಡುಗೆಯ ಮದುವಣಗಿತ್ತಿಯಂತಿದ್ದ ಬಿಯರ್ ಬಾಟಲಿಯನ್ನು ಮಿರೇಯಾ ಎಡಚನ ಮುಂದಿಟ್ಟಳು. "ಬಿಡೋ ಹುಂಜ, ಕಾಯ್ಲಿ. ಆದ್ರೆ ಎಡಚ, ನೀನು ಮೊದ್ಲು ಇಷ್ಟು ವರ್ಷ ನಿನ್ ಜೊತೆ ಸಂಸಾರ ಮಾಡಿರೋ ಆ ಯುದೆಲ್ಕಾಳನ್ನ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಪ್ಪ. ಮಗಳು ಮದುವೆ ವಯಸ್ಸಿಗೆ ಬಂದ್ಲು, ಅಪ್ಪಂಗೇ ಇನ್ನೂ ಮದುವೆ ಆಗಿಲ್ಲ."

"ಈ ಭಾನುವಾರ ಒಂದು ಕಳೀಲಿ ದೋನ್ಯಾ. ನಾಳೇನೇ ಹೋಗ್ತೀನಿ."

ಟಿವಿಯವನು ಲಿಸಾಂದ್ರೊನಿಗೆ ನಲವತ್ತೇಳು ವರ್ಷ ಅಂದ.

"ನಿನ್ನ ಓರಿಗೆಯವನೇ," ಎಂದ ಹುಂಜ. "ಡಾಲರ್ ತಿಂದೂ ತಲೆ ಪೂರಾ ಬೆಳ್ಳಗೆ. ನಿಂದು ನೋಡು, ಟೈರಿನ ಹಾಗೆ ಕಪ್ಪಗಿದೆ."

"ಅವನು ನನಗಿಂತ ದೊಡ್ಡವನು."

"ಟಿವಿಗಿಂತ ನಿಂಗೆ ಚೆನ್ನಾಗಿ ಗೊತ್ತು, ಅಲ್ವಾ?"

ವಯಸ್ಸಿನ ಮಾತು ಎಲ್ಲೆಲ್ಲೋ ಹರಿಯಿತು. ಅಮೆರಿಕದವರಿಗೆ ಹದಿನಾರರ ಹುಡುಗರೇ ಬೇಕು, ಹತ್ತೊಂಬತ್ತಾದರೆ ಸಂತೆಯಲ್ಲಿ ಮುದಿ ಎತ್ತನ್ನು ನೋಡಿದಂತೆ ನೋಡುತ್ತಾರೆ ಎಂದು ಮೂಗ ಕೊರೆದ. ಚಿಕ್ಕಪ್ಪನ ಮಗನ ಜನನ ಪತ್ರ ತೋರಿಸಿ ಮೂರು ವರ್ಷ ಕಿರಿಯವನಾಗಿ ಹೋಗಿದ್ದ ಚಮ್ಮಾರನ ಮಗ ಸಿಕ್ಕಿಬಿದ್ದು ವಾಪಸಾದದ್ದನ್ನು ಯಾರೋ ನೆನೆದರು. ಎಡಚ ಎದ್ದು ಟಿವಿಯ ಸದ್ದು ಜಾಸ್ತಿ ಮಾಡಿದ.

ಲಿಸಾಂದ್ರೊ ವೇದಿಕೆಗೆ ಬಂದ. ಅಂಗಡಿ ಹುಚ್ಚೆದ್ದು ಕುಣಿಯಿತು, ಆಮೇಲೆ ಉಸಿರು ಬಿಗಿಹಿಡಿಯಿತು. ಅವನು ದೇವರನ್ನು ನೆನೆದ. ತರಬೇತಿ ಕೊಟ್ಟವರನ್ನು, ಜೊತೆಗಾರರನ್ನು, ಹೆಂಡತಿಯನ್ನು ನೆನೆದ. ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನನ್ನೂ ಬಿಡಲಿಲ್ಲ. ಎಡಚನ ಬಾಟಲಿಯ ಹಿಮ ಕರಗಿ ಮೇಜು ಒದ್ದೆಯಾಯಿತು. ಅವನು ಅದನ್ನು ಮುಟ್ಟಿರಲಿಲ್ಲ.

"ಕೊನೆಗೆ ಒಬ್ಬರು ಉಳಿದರು," ಎಂದ ಲಿಸಾಂದ್ರೊ. "ಅವರಿಲ್ಲದಿದ್ದರೆ ಈ ಹೆಸರು ಇಲ್ಲಿಗೆ ಬರುತ್ತಿರಲಿಲ್ಲ."

ಎಡಚ ಎದ್ದು ನಿಂತ. ಹುಂಜನ ಬಾಯಿ ತೆರೆದೇ ಉಳಿಯಿತು.

"ನನ್ನನ್ನು ಹೆತ್ತವಳು. ನನ್ನ ತಾಯಿ, ಒತೀಲಿಯಾ."

ಅವನು ಅತ್ತ. ಬಯಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂಗಡಿಯಲ್ಲಿ ಹುಂಜ ಟೋಪಿ ತೆಗೆದು ಮೂಗು ಒರೆಸಿಕೊಂಡ. ಮಿರೇಯಾ ಶಿಲುಬೆಯ ಗುರುತು ಹಾಕಿಕೊಂಡಳು. ಭಾಷಣ ಮುಗಿಯಿತು. ಡಾಮಿನೊ ಕಾಯಿಗಳು ಮತ್ತೆ ಸದ್ದು ಮಾಡಿದವು.

ಎಡಚ ಮಾತ್ರ ನಿಂತೇ ಇದ್ದ. ಇವತ್ತು ಯಾರೂ ಅವನನ್ನು ಹಂಗಿಸಲಿಲ್ಲ. ಮಿರೇಯಾ ಕೌಂಟರ್ ದಾಟಿ ಬಂದು ಅವನ ತೋಳು ಹಿಡಿದಳು.

"ಮರೆತ ಕಣೋ. ದೊಡ್ಡೋರಾದ ಮೇಲೆ ಮರೀತಾರೆ."

"ಮರೆತಿಲ್ಲ ದೋನ್ಯಾ. ಇಟ್ಕೊಂಡ."

ಟಿವಿಯಲ್ಲಿ ಫಲಕದ ಪರದೆ ಸರಿಯಿತು. ಕಂಚು ಬಿಸಿಲಿಗೆ ಹೊಳೆಯಿತು. ಇನ್ನು ಅದನ್ನು ಅಳಿಸುವವರಿಲ್ಲ.

"ಹೋಗ್ಲಿ, ಅಂಥದ್ದು ಏನು ಕೊಟ್ಟಿದ್ದೆಯೋ ನೀನು ಅವನಿಗೆ?" ಎಂದಳು ಮಿರೇಯಾ.

ಎಡಚ ತನ್ನ ಸೊಟ್ಟ ಕೈಯನ್ನು ಟಿವಿಯವರೆಗೆ ಚಾಚಿದ. ಕಂಚಿನ ಅಕ್ಷರಗಳ ಕೆಳಗೆ, ಮೊದಲಿನಿಂದ ಕೊನೆಯವರೆಗೆ, ಬೆರಳು ಎಳೆದ.

"ಇದನ್ನ. ಅಮ್ಮ ಒತೀಲಿಯಾ ನನಗೆ ಇಟ್ಟಿದ್ದ ಹೆಸರನ್ನ."