ನೆಕರ್ ನದಿಯ ವಿಹಾರದೋಣಿ

ಜರ್ಮನಿಯ ಆ ಊರಿನಲ್ಲಿ ವತ್ಸಲಾಳೊಂದಿಗೆ ಕನ್ನಡ ಮಾತಾಡುತ್ತಿದ್ದವನು ಗಂಡನೊಬ್ಬನೇ. ಅವನು ತೀರಿಕೊಂಡ ಮೇಲೆ ಪ್ರತಿ ಭಾನುವಾರ ಒಬ್ಬಳೇ ನೆಕರ್ ನದಿಯ ವಿಹಾರದೋಣಿ ಹತ್ತುತ್ತಿದ್ದಳು. ಪಕ್ಕದಲ್ಲಿ ಯಾವಾಗಲೂ ಜರ್ಮನ್ ಮುದುಕಿಯೊಬ್ಬಳು ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದಳು. ಅವಳಿಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ವತ್ಸಲಾ ಕನ್ನಡದಲ್ಲೇ ಮನಸ್ಸು ಬಿಚ್ಚುತ್ತಿದ್ದಳು. ಮುದುಕಿ ಸುಮ್ಮನೆ ತಲೆಯಾಡಿಸುತ್ತಿದ್ದಳು.

ಅಂದು ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು.

"ಆವತ್ತು ಬೆಳಿಗ್ಗೆ, ನದಿ ಕಡೆ ಹೋಗಿಬರೋಣ ಬಾ ಅಂದರು. ಸಿಟ್ಟಲ್ಲಿದ್ದೆ, ಉತ್ತರವನ್ನೇ ಕೊಡಲಿಲ್ಲ. ಒಬ್ಬರೇ ಹೋದರು. ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ."

ಮುದುಕಿ ಹೆಣಿಗೆ ಬದಿಗಿಟ್ಟು ಅವಳ ಕೈ ಹಿಡಿದುಕೊಂಡಳು.

"ತಪ್ಪು ತಿಳೀಬ್ಯಾಡವಾ," ಎಂದಳು. "ನಮ್ಮಪ್ಪ ಧಾರವಾಡದಾಗ ಪಾದ್ರಿ ಇದ್ರು. ಕನ್ನಡ ಕೇಳಿ ಐವತ್ತು ವರ್ಷ ಆಗಿತ್ತು. ನಾ ಬಾಯಿ ಬಿಟ್ರ ನೀ ಸುಮ್ಮನಾಗ್ತಿ ಅಂತ ಹೆದರಿದ್ದೆ."